ಮೂವರು ಒಡಹುಟ್ಟಿದವರು, ಒಂದು ಡಿಸೆಂಬರ್: ಮುಖಪುಟ ಹರಿದ ಕಾದಂಬರಿಯೊಂದರ ಬಗ್ಗೆ

ಈ ಕಾದಂಬರಿಯಲ್ಲಿ ಮೂವರು ಒಡಹುಟ್ಟಿದವರಿಗೂ ಒಂದೇ ಡಿಸೆಂಬರ್‌ನಲ್ಲಿ ಪ್ರೀತಿ ಸಿಗುತ್ತದೆ. ಅಕ್ಕನಿಗೆ 41 ವರ್ಷ, ತಮ್ಮನಿಗೆ 37, ಕಿರಿಯವಳಿಗೆ 32. ಕಥೆ ಮೊದಲೇ ಹೇಳಿಬಿಟ್ಟೆ ಅಂತ ಬೇಜಾರು ಬೇಡ. ಇಂಥ ಪುಸ್ತಕ ಕೈಗೆತ್ತಿಕೊಳ್ಳುವವರಿಗೆ ಕೊನೆ ಏನಾಗುತ್ತದೆ ಅಂತ ಗೊತ್ತೇ ಇರುತ್ತದೆ. ಕ್ರಿಸ್‌ಮಸ್ ರಜೆಯ ಪ್ರೇಮಕಥೆ ಅಂದಮೇಲೆ ಹಿಮ ಬೀಳಬೇಕು, ಮಕ್ಕಳು ಊರಿಗೆ ಬರಬೇಕು, ಕೊನೆಗೆ ಎಲ್ಲ ಸರಿಹೋಗಬೇಕು. ಇಲ್ಲೂ ಹಾಗೇ ಆಗುತ್ತದೆ. ಆದರೆ ನನ್ನ ಮನಸ್ಸಿನಲ್ಲಿ ನಿಂತದ್ದು ಆ ಮೂರು ಜೋಡಿಗಳಿಗಿಂತ ಅಕ್ಕ, ತಮ್ಮ, ತಂಗಿ ಒಬ್ಬರಿಗೊಬ್ಬರು ಆಗುವ ರೀತಿ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಪುಸ್ತಕದ ಹೆಸರು ನನ್ನ ಬಳಿ ಇಲ್ಲ. ಇದನ್ನು ತಂದದ್ದು ಹೈದರಾಬಾದಿನ ಅಬಿಡ್ಸ್‌ನಿಂದ. ಭಾನುವಾರ ಅಲ್ಲಿ ಅಂಗಡಿಗಳು ಮುಚ್ಚಿರುವಾಗ ಅವುಗಳ ಮುಂದಿನ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಹರಡಿಕೊಂಡು ಕೂರುತ್ತಾರೆ. ಬೀದರಿನವರಾದ ನಮಗೆ ಬೆಂಗಳೂರು ದೂರ, ಹೈದರಾಬಾದು ಹತ್ತಿರ. ಆಸ್ಪತ್ರೆಗೂ ಅಲ್ಲಿಗೇ, ಮದುವೆ ಬಟ್ಟೆಗೂ ಅಲ್ಲಿಗೇ ಹೋಗುತ್ತೇವೆ. ಹೋದಾಗ ಭಾನುವಾರ ಸಿಕ್ಕರೆ ನಾನು ಅಬಿಡ್ಸ್ ಬಿಡುವುದಿಲ್ಲ. ಈ ಪ್ರತಿಯ ಹಿಂದಿನ ರಟ್ಟೂ ಇಲ್ಲ, ಮುಂದಿನದೂ ಇಲ್ಲ. ಯಾರೋ ಕಂದು ಕಾಗದದ ಹೊದಿಕೆ ಅಂಟಿಸಿದ್ದಾರೆ. ಮೊದಲ ಎಂಟು ಪುಟ ಹೋಗಿವೆ. ಪುಟದ ಮೇಲೆ ಅಂಕಿ ಬಿಟ್ಟರೆ ಬೇರೇನೂ ಅಚ್ಚಾಗಿಲ್ಲ. 50 ರೂಪಾಯಿ ಕೊಟ್ಟೆ. ಒಂಬತ್ತನೇ ಪುಟದಿಂದ ಓದಲು ಶುರು ಮಾಡಿದರೂ ಕಥೆ ಎಲ್ಲೂ ತಡೆಯಲಿಲ್ಲ. ಪಾತ್ರಗಳನ್ನು ಅಕ್ಕ, ತಮ್ಮ, ಕಿರಿಯವಳು ಅಂತಲೇ ಕರೆಯುತ್ತೇನೆ. ಓದುವಾಗಲೂ ನನಗೆ ಅವರು ಹಾಗೆಯೇ ಇದ್ದರು.

ಕಥೆ ನಡೆಯುವುದು ಅಮೆರಿಕದ ವರ್ಮಾಂಟ್‌ನಲ್ಲಿ, ಕೆನಡಾ ಗಡಿಗೆ ಹತ್ತಿರದ ಒಂದು ಸಣ್ಣ ಊರಿನಲ್ಲಿ. ಮನೆಯವರಿಗೆ ಕ್ರಿಸ್‌ಮಸ್ ಮರದ ತೋಟವಿದೆ. ಬಾಲ್ಸಂ ಫರ್ ಅನ್ನುವ ಮರ. ಒಂದು ಆಳೆತ್ತರ ಬರಬೇಕಾದರೆ ಸಸಿ ನೆಟ್ಟು ಎಂಟು ಹತ್ತು ವರ್ಷ ಕಾಯಬೇಕು. ಪ್ರತಿ ಬೇಸಿಗೆಯಲ್ಲೂ ಕತ್ತರಿಸಿ ಗೋಪುರದ ಆಕಾರಕ್ಕೆ ತರಬೇಕು. ಮಾರುವುದು ಮಾತ್ರ ವರ್ಷದಲ್ಲಿ ನಾಲ್ಕೇ ವಾರ. ನಮ್ಮ ತೊಗರಿಯವರು ಮಳೆ ನೋಡಿ ತಲೆ ಕೆಡಿಸಿಕೊಳ್ಳುತ್ತಾರೆ. ಎಂಟು ವರ್ಷ ಮುಂದಿನ ಗಿರಾಕಿಯನ್ನು ನಂಬಿ ಸಸಿ ನೆಡುವುದಕ್ಕೆ ಎಂಥ ಧೈರ್ಯ ಬೇಕು ಅಂತ ಯೋಚನೆಯಾಯಿತು. ತಂದೆ ಏಪ್ರಿಲ್‌ನಲ್ಲಿ ಒಂದು ಸಾಲು ಸಸಿ ನೆಟ್ಟು ಜೂನ್‌ನಲ್ಲಿ ತೀರಿಕೊಂಡಿದ್ದಾರೆ. ತಾಯಿ ಮೊದಲೇ ಇಲ್ಲ. ಜಮೀನಿನ ಮೇಲೆ ಸಾಲವಿದೆ. ಈ ಡಿಸೆಂಬರ್ ಮರ ಮಾರಿ, ಜನವರಿಯಲ್ಲಿ ತೋಟವನ್ನೇ ಮಾರಿಬಿಡೋಣ ಅಂತ ಮೂವರೂ ಒಪ್ಪಿ ಊರಿಗೆ ಬಂದಿದ್ದಾರೆ. ಊರಿಗೆ ಬಂದಿದ್ದಾರೆ ಅಂದರೆ ಇಬ್ಬರು. ಅಕ್ಕ ಊರು ಬಿಟ್ಟೇ ಇಲ್ಲ.

ಒಂದೊಂದು ಅಧ್ಯಾಯ ಒಬ್ಬೊಬ್ಬರ ಬಾಯಲ್ಲಿ. ಅಧ್ಯಾಯದ ತಲೆಯಲ್ಲಿ ಕ್ರಿಸ್‌ಮಸ್‌ಗೆ ಇನ್ನೆಷ್ಟು ದಿನ ಅನ್ನುವ ಲೆಕ್ಕ. ಇಂಗ್ಲಿಷ್ ಕಷ್ಟವಿಲ್ಲ, ಸಣ್ಣ ಸಣ್ಣ ವಾಕ್ಯ. ಕನ್ನಡ ಮಾಧ್ಯಮದಲ್ಲಿ ಓದಿದವರೂ ಡಿಕ್ಷನರಿ ಇಲ್ಲದೆ ಮುಗಿಸಬಹುದು.

ನಾಲ್ಕು ಮಕ್ಕಳಲ್ಲಿ ನಾನೇ ದೊಡ್ಡವಳು. ಹಾಗಾಗಿ ಅಕ್ಕನ ಅಧ್ಯಾಯ ಬಂದಾಗಲೆಲ್ಲ ನಿಧಾನ ಓದಿದೆ. ಬರೆದವರಿಗೆ ದೊಡ್ಡ ಮಗಳ ಬಾಳು ಚೆನ್ನಾಗಿ ಗೊತ್ತು. ತಮ್ಮ ತಂಗಿ ಬರುವ ಹಿಂದಿನ ದಿನ ಅವಳು ಹಾಸಿಗೆ ಹೊದಿಕೆ ಬಿಸಿಲಿಗೆ ಹಾಕುತ್ತಾಳೆ. ಬಿಸಿಲು ಇರುವುದೇ ಸ್ವಲ್ಪ ಹೊತ್ತು. ವರ್ಮಾಂಟ್‌ನಲ್ಲಿ ಡಿಸೆಂಬರ್ ಕೊನೆಗೆ ಸಂಜೆ ನಾಲ್ಕೂಕಾಲಿಗೇ ಸೂರ್ಯ ಮುಳುಗುತ್ತಾನೆ. ಅವರಿಬ್ಬರೂ ಬಂದ ಕೂಡಲೇ ಮನೆಯಲ್ಲಿ ಮೂವರೂ ಹಳೇ ಜಾಗಕ್ಕೆ ಹೋಗಿಬಿಡುತ್ತಾರೆ. ಬಾಸ್ಟನ್‌ನ ದೊಡ್ಡ ಹೋಟೆಲಿನಲ್ಲಿ ಅಡುಗೆಯವರ ಮುಖ್ಯಸ್ಥನಾಗಿರುವ ತಮ್ಮ ಅಕ್ಕನ ಅಡುಗೆಮನೆಗೆ ಬಂದು ಫ್ರಿಡ್ಜ್ ತೆರೆದು 'ತಿನ್ನಲು ಏನಿದೆ' ಅನ್ನುತ್ತಾನೆ. ಐಸಿಯುನಲ್ಲಿ ನರ್ಸ್ ಆಗಿ ಜೀವ ಉಳಿಸುವ ಕಿರಿಯವಳಿಗೆ ಗಾಡಿ ಓಡಿಸಲು ಬರುತ್ತದೋ ಇಲ್ಲವೋ ಅಂತ ಇಬ್ಬರೂ ಅನುಮಾನ ಪಡುತ್ತಾರೆ. ನಮ್ಮಲ್ಲೂ ಹೀಗೇ. ನನ್ನ ಸಣ್ಣ ತಮ್ಮ ಬೆಂಗಳೂರಿನಲ್ಲಿ ಆಫೀಸಿನ ಒಂದು ದೊಡ್ಡ ತಂಡವನ್ನೇ ನಡೆಸುತ್ತಾನೆ. ಬೀದರ್ ಸ್ಟೇಷನ್ನಿನಲ್ಲಿ ರಾತ್ರಿ ರೈಲಿಂದ ಇಳಿದ ಮೇಲೆ ಅವನ ಸ್ವೆಟರ್ ಎಲ್ಲಿದೆ ಅಂತ ನಾನೇ ಕೇಳಬೇಕು. ಡಿಸೆಂಬರ್‌ನಲ್ಲಿ ನಮ್ಮ ಬೀದರ್ ಎಷ್ಟು ಚಳಿ ಅಂತ ದಕ್ಷಿಣದವರಿಗೆ ಅಂದಾಜಿಲ್ಲ. ಬೆಳಗಿನ ಜಾವ 10 ಡಿಗ್ರಿಗಿಂತ ಕೆಳಗೆ ಇಳಿಯುವ ದಿನಗಳಿರುತ್ತವೆ.

ಅಕ್ಕನ ಪ್ರೇಮಕಥೆ ಈ ಪುಸ್ತಕದ ಜೀವ. ಊರಿನ ರಸ್ತೆಯ ಹಿಮ ತೆಗೆಯುವ ಲಾರಿ ಓಡಿಸುವವನು ಅವನು. ಬೆಳಗಿನ ಜಾವ ಮೂರೂವರೆಗೆ ಕೆಲಸ ಶುರು. ಆ ಲಾರಿಯ ಮುಂದಿನ ಅಲಗು ರಸ್ತೆಯ ಹಿಮವನ್ನು ಪಕ್ಕಕ್ಕೆ ತಳ್ಳುತ್ತಾ ಹೋಗುತ್ತದೆ. ಹಾಗೆ ತಳ್ಳಿದ ಹಿಮ ಪ್ರತಿ ಮನೆಯ ದಾರಿಯ ಬಾಯಿಗೆ ಒಡ್ಡಿನ ಹಾಗೆ ಬಂದು ಕೂರುತ್ತದೆ. ಮನೆಯವರು ಎದ್ದು ಸಲಿಕೆ ಹಿಡಿದು ಅದನ್ನು ತೆಗೆದರೆ ಮಾತ್ರ ಗಾಡಿ ಹೊರಗೆ ಬರುತ್ತದೆ. ಈ ಮನುಷ್ಯ ಹನ್ನೊಂದು ಚಳಿಗಾಲದಿಂದ ಅಕ್ಕನ ತೋಟದ ಮುಂದೆ ಲಾರಿ ಹಿಂದಕ್ಕೆ ತಂದು, ಇಳಿದು, ಆ ಒಡ್ಡನ್ನು ತಾನೇ ತೆಗೆದು ಹೋಗುತ್ತಾನೆ. ಯಾರಿಗೂ ಹೇಳಿಲ್ಲ. ಅಕ್ಕ ಅಡುಗೆಮನೆಯ ಕತ್ತಲಲ್ಲಿ ಕಾಫಿ ಲೋಟ ಹಿಡಿದು ನೋಡಿದ್ದಾಳೆ. ಅವಳೂ ಯಾರಿಗೂ ಹೇಳಿಲ್ಲ. ಅವನಿಗೂ ಹೇಳಿಲ್ಲ.

ಹನ್ನೊಂದು ವರ್ಷ ಒಬ್ಬರನ್ನೊಬ್ಬರು ನೋಡಿಯೂ ಬಾಯಿ ಬಿಡದೆ ಇರುವುದು ಸಾಧ್ಯವೇ ಅಂತ ಯಾರಾದರೂ ಕೇಳಬಹುದು. ಸಾಧ್ಯ. ಮನೆಯ ಭಾರ ಹೊತ್ತವರಿಗೆ ತಮ್ಮ ವಿಷಯ ಯಾವಾಗಲೂ ಕೊನೆಗೆ. ತಂದೆಯ ಔಷಧಿ, ಸಾಲದ ಕಂತು, ತಂಗಿಯ ಫೀಸು, ಇವೆಲ್ಲ ಮುಗಿದ ಮೇಲೆ ನೋಡೋಣ ಅಂತ ಇಟ್ಟದ್ದು ಹಾಗೇ ಉಳಿಯುತ್ತದೆ.

ಈ ಗುಟ್ಟು ಬಯಲಾಗುವ ರೀತಿ ನೋಡಿ. ಕಿರಿಯವಳಿಗೆ ನೈಟ್ ಡ್ಯೂಟಿ ಮಾಡಿ ಮಾಡಿ ರಾತ್ರಿ ನಿದ್ದೆ ಬರುವುದಿಲ್ಲ. ಜಾವದಲ್ಲಿ ನೀರು ಕುಡಿಯಲು ಬಂದವಳು ಕಿಟಕಿ ಹತ್ತಿರ ಅಕ್ಕ ನಿಂತಿರುವುದನ್ನು ನೋಡುತ್ತಾಳೆ. ಹೊರಗೆ ಲಾರಿಯ ಹಳದಿ ದೀಪ. ಏನೂ ಕೇಳುವುದಿಲ್ಲ, ಸುಮ್ನೆ ಮಲಗಲು ಹೋಗುತ್ತಾಳೆ. ಮರುದಿನ ತಮ್ಮನಿಗೆ ಹೇಳುತ್ತಾಳೆ. ಮುಂದಿನ ಹಿಮದ ದಿನ ಅವರಿಬ್ಬರೂ ಅಕ್ಕನಿಗಿಂತ ಮೊದಲು ಎದ್ದು, ಹೊರಗೆ ಹೋಗಿ, ಆ ಲಾರಿಯವನನ್ನು ತಡೆದು ನಿಲ್ಲಿಸಿ, ಒಳಗೆ ಬಂದು ಕಾಫಿ ಕುಡಿದು ಹೋಗಬೇಕು ಅಂತ ಹೇಳುತ್ತಾರೆ. ತಮ್ಮ ಇನ್ನೂ ರಾತ್ರಿಯ ಪೈಜಾಮದಲ್ಲೇ ಇರುತ್ತಾನೆ. ನಾನು ಈ ಪುಟಗಳನ್ನು ಓದಿ ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಕೂತಿದ್ದೆ.

ಯಾಕೆಂದರೆ ನನ್ನ ಮದುವೆಯೂ ತಮ್ಮನಿಂದಲೇ ಆಯಿತು. ನಮ್ಮ ಕಡೆ ಹಿರಿಯ ಮಗಳ ಮದುವೆ ಆಗದೆ ಕಿರಿಯವಳ ಮಾತು ಎತ್ತುವುದಿಲ್ಲ. ಅಪ್ಪ ಹೋದ ಮೇಲೆ ನಾನೇ ಹಟ ಹಿಡಿದು ತಂಗಿಯ ಮದುವೆ ಮೊದಲು ಮಾಡಿಸಿದೆ. ಆಮೇಲೆ ದೊಡ್ಡ ತಮ್ಮನದು. ಸಂಬಂಧಿಕರು ಚರ್ಚಿನ ಅಂಗಳದಲ್ಲಿ ನಿಂತು ಅವ್ವನನ್ನು ಕೇಳುತ್ತಿದ್ದ ಮಾತು ನನ್ನ ಕಿವಿಗೂ ಬೀಳುತ್ತಿತ್ತು. ನನಗೆ 36 ಆದ ವರ್ಷ ಸಣ್ಣ ತಮ್ಮ ಕ್ರಿಸ್‌ಮಸ್‌ಗೆ ಬಂದವನು ಹಿತ್ತಲಲ್ಲಿ ನನ್ನ ಹತ್ತಿರ ಬಂದು ನಿಂತ. 'ಅಕ್ಕಾ, ಅವ್ರು ನಿನ್ನ ಬಗ್ಗೆ ಕೇಳ್ಲಾಕತ್ತಾರ. ಒಂದ್ಸಲ ಮಾತಾಡಿ ನೋಡು. ಬ್ಯಾಡಂದ್ರ ಬ್ಯಾಡ' ಅಂದ. ಅವರು ಅಂದರೆ ನಮ್ಮ ಬ್ಯಾಂಕಿಗೆ ಆಡಿಟ್‌ಗೆ ಬರುತ್ತಿದ್ದವರು. ಈಗ ನನ್ನ ಯಜಮಾನರು. ಅವರು ನನ್ನನ್ನು ನೇರ ಕೇಳಿರಲಿಲ್ಲ, ನಾನೂ ಏನೂ ಅಂದಿರಲಿಲ್ಲ. ತಮ್ಮ ಆ ದಿನ ಬಾಯಿ ಬಿಡದಿದ್ದರೆ ನಾವಿಬ್ಬರೂ ಹಾಗೇ ಇರುತ್ತಿದ್ದೆವು. ಪ್ರೇಮಕಥೆಗಳಲ್ಲಿ ಗೆಳತಿಯರು ಹೇಳಿಕೊಡುವುದು ಬಹಳ ಓದಿದ್ದೇನೆ. ಒಡಹುಟ್ಟಿದವರು ಅಂಗಳಕ್ಕೆ ಇಳಿದು ದಾರಿ ಮಾಡಿಕೊಡುವುದನ್ನು ಇಷ್ಟು ಚೆನ್ನಾಗಿ ಬರೆದದ್ದು ಇದರಲ್ಲೇ ಓದಿದೆ.

ಇನ್ನೊಂದು ಭಾಗದ ಬಗ್ಗೆ ಹೇಳಲೇಬೇಕು. ಕ್ರಿಸ್‌ಮಸ್‌ಗೆ ಆರು ದಿನ ಇರುವಾಗ ಬಿರುಗಾಳಿಗೆ ಕರೆಂಟು ಹೋಗುತ್ತದೆ. ಮೂವರೂ ಒಲೆಯ ಮುಂದೆ ಕೂತು ತಾಯಿಯ ಪೆಟ್ಟಿಗೆ ತೆಗೆಯುತ್ತಾರೆ. ಅದರಲ್ಲಿ ಮರಕ್ಕೆ ಕಟ್ಟುವ ಗಾಜಿನ ಗೊಂಬೆಗಳಿವೆ. ಮನೆ ಮಾರುತ್ತಿದ್ದಾರಲ್ಲ, ಹಂಚಿಕೊಳ್ಳಬೇಕು. ಅದರಲ್ಲೊಂದು ಗಾಜಿನ ಹಕ್ಕಿ, ಒಂದು ರೆಕ್ಕೆ ಇಲ್ಲ. ಅದನ್ನು ಒಡೆದದ್ದು ನೀನು ಅಂತ ತಮ್ಮ, ನೀನು ಅಂತ ಕಿರಿಯವಳು, ಚಿಕ್ಕಂದಿನಿಂದ ಜಗಳ. ಆವತ್ತೂ ಅದೇ ಶುರುವಾಗುತ್ತದೆ. ನಗುತ್ತಾ ಶುರುವಾದ ಜಗಳ ಸ್ವಲ್ಪ ಸ್ವಲ್ಪವೇ ಬಿಸಿಯಾಗುತ್ತದೆ. ಅಪ್ಪನ ಕೊನೇ ದಿನಗಳಲ್ಲಿ ಯಾರು ಬಂದರು, ಯಾರು ಬರಲಿಲ್ಲ ಅನ್ನುವ ತನಕ ಹೋಗುತ್ತದೆ. ಆಗ ಅಕ್ಕ ಹೇಳುತ್ತಾಳೆ, ಹಕ್ಕಿ ಒಡೆದದ್ದು ನಾನು ಅಂತ. ಅವಳಿಗಾಗ ಹದಿನೈದು ವರ್ಷ. ತಾಯಿಯ ಆರೋಗ್ಯ ಕೆಟ್ಟ ವರ್ಷ. ಬೇಕು ಅಂತಲೇ ನೆಲಕ್ಕೆ ಎಸೆದಿದ್ದಳು. ಆ ವರ್ಷ ಅವಳು ಊರು ಬಿಟ್ಟು ಓದಲು ಹೋಗುವ ಮಾತಿತ್ತು, ಅದು ನಿಂತುಹೋಯಿತು.

ಕಿರಿಯವಳು ಕೇಳುತ್ತಾಳೆ: ನಿನಗೆ ಈ ತೋಟ ಅಂದರೆ ಇಷ್ಟ ಅಂತ ನಾವು ಅಂದುಕೊಂಡಿದ್ದೆವು. ಅಕ್ಕ ಅನ್ನುತ್ತಾಳೆ: ಇಷ್ಟವೇ. ಆದರೆ ಯಾರೂ ಕೇಳಲಿಲ್ಲ.

ಇಷ್ಟೇ ಮಾತು. ಇದಾದ ಮೇಲೆ ಮೂವರೂ ಅಳುವುದು, ಅಪ್ಪಿಕೊಳ್ಳುವುದು ಏನೂ ಇಲ್ಲ. ತಮ್ಮ ಎದ್ದು ಒಲೆಗೆ ಕಟ್ಟಿಗೆ ಹಾಕುತ್ತಾನೆ. ಆಮೇಲೆ ಎಲ್ಲರಿಗೂ ಮೊಟ್ಟೆ ಹುರಿದು ಕೊಡುತ್ತಾನೆ. ಬರೆದವರ ಮೇಲೆ ನನಗೆ ಪೂರ್ತಿ ನಂಬಿಕೆ ಬಂದದ್ದು ಅಲ್ಲಿ. ಅಕ್ಕನಿಗೆ ತೋಟ ಇಷ್ಟವೂ ಹೌದು, ತನ್ನನ್ನು ಕೇಳದೆ ಹೊರಿಸಿದ್ದರ ನೋವೂ ಹೌದು. ಎರಡನ್ನೂ ಒಟ್ಟಿಗೆ ಇಟ್ಟಿದ್ದಾರೆ.

ನಾವು ಬೆಳೆದದ್ದು ವಾರಪತ್ರಿಕೆಯ ಧಾರಾವಾಹಿ ಓದಿ. ಅವ್ವ, ಪಕ್ಕದ ಮನೆಯ ಕಾಕಿ, ನಾನು, ಒಂದೇ ಪ್ರತಿ ಮೂರು ಮನೆ ಸುತ್ತುತ್ತಿತ್ತು. ಆ ಕಥೆಗಳಲ್ಲಿ ನಾನು ಓದಿದ ದೊಡ್ಡಕ್ಕಂದಿರು ಜಾಸ್ತಿ ತ್ಯಾಗ ಮಾಡುವವರು. ತಂಗಿಗಾಗಿ ಪ್ರೀತಿಸಿದವನನ್ನು ಬಿಟ್ಟುಕೊಟ್ಟು ಕೊನೇ ಕಂತಿನಲ್ಲಿ ಕಣ್ಣೊರೆಸಿಕೊಂಡು ನಿಲ್ಲುತ್ತಿದ್ದರು. ಓದಿ ಅತ್ತಿದ್ದೇನೆ, ಆ ಕಥೆಗಳ ಋಣ ನನ್ನ ಮೇಲಿದೆ. ಆದರೆ 41 ವರ್ಷದ ಅಕ್ಕನಿಗೂ ಒಂದು ಪೂರ್ತಿ ಪ್ರೇಮಕಥೆ ಇದೆ, ಅದನ್ನು ತಮ್ಮ ತಂಗಿ ನಿಂತು ನಡೆಸಿಕೊಡುತ್ತಾರೆ ಅನ್ನುವುದನ್ನು ಕನ್ನಡದಲ್ಲೂ ಯಾರಾದರೂ ಬರೆಯಬೇಕು. ನಮ್ಮ ಬೀದರ್, ಕಲಬುರಗಿ, ಯಾದಗಿರಿಯಲ್ಲಿ ಅಂಥ ಅಕ್ಕಂದಿರು ಎಷ್ಟು ಮಂದಿ ಇದ್ದಾರೆ ಅಂತ ಬರೆಯುವವರು ಒಮ್ಮೆ ಬಂದು ನೋಡಲಿ.

ಇನ್ನು ಬೇಸರವಾದ ವಿಷಯ. ನಾನು ಸಹಕಾರಿ ಬ್ಯಾಂಕೊಂದರಲ್ಲಿ ಸಾಲದ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಹಾಗಾಗಿ ತೋಟದ ಸಾಲದ ಕಥೆ ನನಗೆ ಸರಿಬರಲಿಲ್ಲ. ಸಾಲ ಎಷ್ಟು, ಬಡ್ಡಿ ಎಷ್ಟು, ಎಷ್ಟು ಕಂತು ಬಾಕಿ, ಒಂದೂ ಹೇಳುವುದಿಲ್ಲ. ಕೊನೆಗೆ ಊರಿನವರೆಲ್ಲ ಸೇರಿ ಒಂದು ರಾತ್ರಿ ದೀಪದ ಜಾತ್ರೆ ಮಾಡುತ್ತಾರೆ, ಟಿಕೆಟು ಮಾರುತ್ತಾರೆ, ಸಾಲ ತೀರುತ್ತದೆ. ಮೂರೇ ಪುಟದಲ್ಲಿ. ಸಾಲ ಹಾಗೆ ತೀರುವುದಿಲ್ಲ. ಅಡವಿಟ್ಟ ಜಮೀನಿನವರ ಮನೆಗೆ ನೋಟಿಸು ಹೋದಾಗ ಏನಾಗುತ್ತದೆ ಅಂತ ನೋಡಿದ್ದೇನೆ. ಅವರು ಬಂದು ಕುರ್ಚಿಯಲ್ಲಿ ಕೂರುವುದೂ ಇಲ್ಲ, ನಿಂತೇ ಮಾತಾಡುತ್ತಾರೆ. ಓಟಿಎಸ್ ಮಾಡಿಕೊಡಿ ಅಂತ ಕೇಳುತ್ತಾರೆ, ಅಂದರೆ ಬಡ್ಡಿಯಲ್ಲಿ ಒಂದಷ್ಟು ಬಿಟ್ಟು ಉಳಿದದ್ದನ್ನು ಒಮ್ಮೆಲೇ ಕಟ್ಟಿಸಿಕೊಳ್ಳುವುದು. ಅದಕ್ಕೂ ಅರ್ಜಿ, ಸಭೆ, ಒಪ್ಪಿಗೆ ಅಂತ ತಿಂಗಳುಗಟ್ಟಲೆ ಆಗುತ್ತದೆ. ಇಷ್ಟು ಒಳ್ಳೆಯ ಕಾದಂಬರಿಯಲ್ಲಿ ಆ ಅಕ್ಕ ಒಂದು ಸಲ ಬ್ಯಾಂಕಿನ ಕೌಂಟರಿನ ಮುಂದೆ ನಿಂತಿದ್ದರೆ ಕಥೆ ಇನ್ನೂ ಗಟ್ಟಿಯಾಗುತ್ತಿತ್ತು.

ಆದರೆ ಅದೇ ಭಾಗದಲ್ಲಿ ಒಂದು ವಿಷಯ ನನಗೆ ತುಂಬಾ ಇಷ್ಟವಾಯಿತು. ತೋಟ ಮಾರಲು ಮೂವರ ಸಹಿಯೂ ಬೇಕು. ಮೂವರದ್ದೂ ಸಮ ಪಾಲು. ಇದನ್ನು ಯಾರೂ ದೊಡ್ಡ ವಿಷಯ ಮಾಡುವುದಿಲ್ಲ. ನಮ್ಮ ಕ್ರೈಸ್ತರಿಗೆ ಅನ್ವಯಿಸುವ 1925ರ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗನಿಗೂ ಮಗಳಿಗೂ ಪಾಲು ಒಂದೇ. ಹಿಂದೂ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಬಂದು ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಬಂತು. ಕಾಗದದಲ್ಲಿ ಎಲ್ಲ ಇದೆ. ಆದರೂ ಅಕ್ಕತಂಗಿಯರನ್ನು ಹಬ್ಬಕ್ಕೆ ಅಂತ ಕರೆಸಿ, ಸೀರೆ ಕೊಟ್ಟು, ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಸಹಿ ಹಾಕಿಸಿ ಕಳಿಸಿದ ಕಾಗದಗಳು ನಮ್ಮ ಟೇಬಲ್ಲಿಗೆ ಬರುತ್ತಲೇ ಇರುತ್ತವೆ. 'ಬರೇ ಸಹಿ ಮಾಡಿ ಹೋಗ್ತಾಳ್ರಿ ಮೇಡಂ, ಆಕೀದೇನೂ ತಕರಾರಿಲ್ಲ' ಅನ್ನುತ್ತಾರೆ. ಈ ಕಾದಂಬರಿಯ ಕಿರಿಯವಳು ಪೆನ್ನು ಕೈಯಲ್ಲಿ ಹಿಡಿದು, ನಾನು ಸಹಿ ಹಾಕುವುದಿಲ್ಲ, ಅಪ್ಪ ನೆಟ್ಟ ಸಸಿ ಎಂಟು ವರ್ಷ ಆಗಲಿ ಅನ್ನುತ್ತಾಳೆ. ಆ ಒಂದು ಪುಟ ನಮ್ಮ ಹೆಣ್ಣುಮಕ್ಕಳೆಲ್ಲ ಓದಬೇಕು ಅನ್ನಿಸಿತು.

ಕಿರಿಯವಳ ಪ್ರೀತಿ ಆ ಕಾಗದಪತ್ರ ತಯಾರಿಸುವ ವಕೀಲನ ಜೊತೆ. ಅಣ್ಣನ ಶಾಲೆಯ ಗೆಳೆಯ ಅವನು. ಇಬ್ಬರೂ ಜಗಳವಾಡುತ್ತಲೇ ಹತ್ತಿರವಾಗುತ್ತಾರೆ. ಓದಲು ಖುಷಿಯಾಗಿದೆ. ಪ್ರತಿ ವರ್ಷ ಕ್ರಿಸ್‌ಮಸ್ ದಿನ ಡ್ಯೂಟಿ ಹಾಕಿಸಿಕೊಳ್ಳುವವಳು ಅವಳು. ಮಕ್ಕಳಿರುವವರು ಮನೆಗೆ ಹೋಗಲಿ ಅಂತ ಹೇಳುತ್ತಾಳೆ, ನಿಜವಾದ ಕಾರಣ ತಾಯಿ ಇಲ್ಲದ ಮನೆಗೆ ಬರಲು ಆಗದಿರುವುದು. ಇದು ಅವಳ ಬಾಯಲ್ಲಿ ಬಾರದೆ ತಮ್ಮನ ಅಧ್ಯಾಯದಲ್ಲಿ ಬರುತ್ತದೆ. ಅವಳ ಗುಟ್ಟು ಅಣ್ಣನಿಗೆ ಗೊತ್ತು, ಅವಳಿಗೇ ಸರಿಯಾಗಿ ಗೊತ್ತಿಲ್ಲ. ಮೂರು ಬಾಯಲ್ಲಿ ಕಥೆ ಹೇಳಿಸಿದ್ದಕ್ಕೆ ಇದು ಸಿಕ್ಕ ಲಾಭ.

ತಮ್ಮನ ಪ್ರೇಮಕಥೆ ಮಾತ್ರ ತೀರಾ ತೆಳು. ಡೈವೋರ್ಸ್ ಆಗಿದೆ, ಎಂಟು ವರ್ಷದ ಮಗಳಿದ್ದಾಳೆ, ಊರಿನ ಲೈಬ್ರರಿಯ ಹೆಂಗಸು ಮಗುವಿಗೆ ಕಥೆ ಓದಿ ಹೇಳುತ್ತಾಳೆ, ಅಷ್ಟರಲ್ಲೇ ಪ್ರೀತಿ. ಆ ಮಗುವಿಗೆ ತಾಯಿ ಇದ್ದಾಳೆ, ಅವಳ ಬಗ್ಗೆ ಎರಡು ಸಾಲು ಕೂಡ ಇಲ್ಲ. ಇಬ್ಬರಿಗೆ ಜೋಡಿ ಸಿಕ್ಕಮೇಲೆ ಮೂರನೆಯವನಿಗೂ ಸಿಗಲೇಬೇಕು ಅಂತ ತಂದು ನಿಲ್ಲಿಸಿದ ಹಾಗಿದೆ. ಒಡಹುಟ್ಟಿದವರ ಕಥೆಗಳಲ್ಲಿ ಇದು ನನಗೆ ಸೇರದ ವಿಷಯ. ಮನೆಯಲ್ಲಿ ಮೂವರಿದ್ದರೆ ಮೂವರ ಕಾಲವೂ ಒಟ್ಟಿಗೆ ಕೂಡಿ ಬರುವುದಿಲ್ಲ. ಅವನನ್ನು ಮಗಳ ಜೊತೆ, ಅಡುಗೆಮನೆಯಲ್ಲಿ, ಅಕ್ಕ ತಂಗಿಗೆ ಊಟ ಬಡಿಸಿಕೊಂಡು ಇರಲು ಬಿಟ್ಟಿದ್ದರೆ ಪುಸ್ತಕ ಇನ್ನೂ ಚೆನ್ನಾಗಿರುತ್ತಿತ್ತು.

ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾದದ್ದು ಇನ್ನೊಂದು. ಇಡೀ ಪುಸ್ತಕ ಕ್ರಿಸ್‌ಮಸ್ ಬಗ್ಗೆ, ಆದರೆ ಯಾರೂ ಚರ್ಚಿಗೆ ಹೋಗುವುದಿಲ್ಲ. ಮರ ಇದೆ, ಕುಕೀ ಇದೆ, ಉಡುಗೊರೆ ಇದೆ, ದೀಪ ಇದೆ. ಹುಟ್ಟಿದ ಮಗುವಿನ ಮಾತೇ ಇಲ್ಲ. ವರ್ಮಾಂಟ್‌ನಲ್ಲಿ ಚರ್ಚಿಗೆ ಹೋಗುವವರು ಅಮೆರಿಕದ ಬೇರೆ ಕಡೆಗಿಂತ ಕಡಿಮೆ, ಅದು ನನಗೆ ಗೊತ್ತು. ಲೇಖಕರು ಅಲ್ಲಿನ ಬದುಕನ್ನೇ ಬರೆದಿರಬಹುದು. ಆದರೂ ಮೆಥೋಡಿಸ್ಟ್ ಮನೆಯಲ್ಲಿ ಹುಟ್ಟಿದ ನನಗೆ ಅದು ಖಾಲಿ ಅನ್ನಿಸಿತು. ನಮ್ಮ ಮಂಗಲಪೇಟೆ ಕಡೆ ಡಿಸೆಂಬರ್ ಬಂತು ಅಂದರೆ ಮನೆ ಮನೆಗೂ ನಕ್ಷತ್ರ ಕಟ್ಟುತ್ತಾರೆ. ಹುಡುಗರು ಢೋಲಕ್ ಹಿಡಿದು ರಾತ್ರಿ ಹೊತ್ತು ಕ್ಯಾರಲ್‌ಗೆ ಬರುತ್ತಾರೆ. ಮಫ್ಲರ್ ಸುತ್ತಿಕೊಂಡು, ಕನ್ನಡದಲ್ಲಿ ಹಾಡಿ, ಚಹಾ ಕುಡಿದು ಮುಂದಿನ ಮನೆಗೆ ಹೋಗುತ್ತಾರೆ. ಅವ್ವ ಶಂಕರಪಾಳಿ, ಚಕ್ಕುಲಿ, ಕರ್ಜಿಕಾಯಿ ಡಬ್ಬ ತುಂಬಿಡುತ್ತಾಳೆ. ಅಕ್ಕಪಕ್ಕದ ಲಿಂಗಾಯತರ ಮನೆಗೂ ಮುಸ್ಲಿಮರ ಮನೆಗೂ ತಟ್ಟೆ ಹೋಗುತ್ತದೆ. ಆರಾಧನೆಯಲ್ಲಿ ನಾಲ್ಕು ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುತ್ತೇವೆ, ಈಗಲೂ. ಮದುವೆಯಾಗಿ ಬಂದ ವೈನಿ, ಭಾವ ಹಿಂದಿನ ಬೆಂಚು. ಆ ಒಂದು ತಾಸು ಇಲ್ಲದಿದ್ದರೆ ನಮಗೆ ಊರಿಗೆ ಬಂದ ಹಾಗೇ ಆಗುವುದಿಲ್ಲ. ಈ ಮೂವರಿಗೂ ಹಾಗೆ ಪಕ್ಕ ಪಕ್ಕ ಸುಮ್ಮನೆ ಕೂರುವ ಒಂದು ಜಾಗ ಬೇಕಿತ್ತು.

ಅಂಥ ಜಾಗದ ಹತ್ತಿರಕ್ಕೆ ಬರುವುದು ತೋಟದ ಹಿಂದಿನ ಶುಗರ್‌ಹೌಸ್. ಮೇಪಲ್ ಮರದ ರಸ ಕಾಯಿಸುವ ಮರದ ಮನೆ. ನಮ್ಮ ಬೆಲ್ಲದ ಗಾಣದ ಹಾಗೆಯೇ ಅಗಲ ಕಡಾಯಿ, ಕೆಳಗೆ ಉರಿ, ತಾಸುಗಟ್ಟಲೆ ಕುದಿಸುವುದು. ಸುಮಾರು 40 ಲೀಟರ್ ರಸ ಕಾಯಿಸಿದರೆ ಒಂದು ಲೀಟರ್ ಪಾಕ ಸಿಗುತ್ತದೆ. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ದಿನ ಬಂದಾಗಲೇ ರಸ ಇಳಿಯುವುದು, ಅಂದರೆ ಫೆಬ್ರವರಿ ಕೊನೆ, ಮಾರ್ಚ್. ಡಿಸೆಂಬರ್‌ನಲ್ಲಿ ಅದು ಖಾಲಿ. ಲೇಖಕರು ಇಲ್ಲಿ ತಪ್ಪಿಲ್ಲ. ಕಡಾಯಿ ಒಣಗಿದೆ, ಮೂಲೆಯಲ್ಲಿ ಅಪ್ಪನ ಕೋಟು ನೇತಾಡುತ್ತಿದೆ, ಮೂವರೂ ಒಬ್ಬೊಬ್ಬರಾಗಿ ಬಂದು ಕೂತು ಹೋಗುತ್ತಾರೆ. ಹಿಮ, ಮರ, ಹವೆ, ಇಂಥವನ್ನೆಲ್ಲ ಸರಿಯಾಗಿ ತಿಳಿದು ಬರೆದಿದ್ದಾರೆ. ಬಾಗಿಲ ಮೇಲೆ ಮಿಸಲ್‌ಟೋ ಕಟ್ಟಿ, ಅದರ ಕೆಳಗೆ ನಿಂತವರು ಮುತ್ತು ಕೊಡಬೇಕು ಅನ್ನುವ ಆಟವೂ ಇದೆ. ನಮ್ಮ ಮಾವಿನ ಮರಕ್ಕೆ ಹತ್ತುವ ಬದನಿಕೆಯ ದೂರದ ಬಳಗ ಆ ಗಿಡ. ಇನ್ನೊಂದು ಮರದ ಮೇಲೆ ಬೆಳೆಯುವಂಥದ್ದು. ಮಾವಿನ ತೋಟದವರು ಕೊಡಲಿ ಹಿಡಿದು ಕಡಿಯುತ್ತಾರೆ, ಅವರು ರಿಬ್ಬನ್ ಕಟ್ಟಿ ಬಾಗಿಲಿಗೆ ಹಾಕುತ್ತಾರೆ.

ಮನೆಯಲ್ಲಿ ಇಡಬಹುದಾ ಅಂತ ಕೇಳುವವರಿಗೆ: ಇಡಬಹುದು. ಮುತ್ತಿನ ಆಚೆ ಹೋದಾಗ ಅಧ್ಯಾಯ ಮುಗಿದು ಬೆಳಗಾಗಿಬಿಡುತ್ತದೆ. ಕುಡಿಯುವುದು ಇದೆ, ಬೈಗುಳ ಕಡಿಮೆ. ಪಿಯುಸಿ ಓದುವ ಮಗಳು ಎತ್ತಿಕೊಂಡು ಓದಿದರೆ ನಾನು ಕಸಿದುಕೊಳ್ಳುವುದಿಲ್ಲ.

ಇದೇ ಪ್ರತಿ ನಿಮಗೆ ಸಿಗುವುದಿಲ್ಲ. ಆದರೆ ಈ ಬಗೆಯ ಕಾದಂಬರಿಗಳು ಇಂಗ್ಲಿಷಿನಲ್ಲಿ ಪ್ರತಿ ವರ್ಷ ಕ್ರಿಸ್‌ಮಸ್‌ಗೆ ಮುಂಚೆ ಹೊಸದಾಗಿ ಬರುತ್ತವೆ. ಹಳೇ ಪುಸ್ತಕದ ಅಂಗಡಿಯಲ್ಲೂ ಸಿಗುತ್ತವೆ, ಫೋನಿನಲ್ಲೂ ಸಿಗುತ್ತವೆ. ಕೊಳ್ಳುವಾಗ ನಾನು ಈಗ ನೋಡುವುದು ಎರಡು. ಕಥೆಯನ್ನು ಒಬ್ಬರಿಗಿಂತ ಹೆಚ್ಚು ಒಡಹುಟ್ಟಿದವರ ಬಾಯಲ್ಲಿ ಹೇಳಿಸಿದ್ದಾರಾ ಅಂತ ಮೊದಲು ನೋಡುತ್ತೇನೆ. ಹಾಗಿದ್ದರೆ ಒಬ್ಬರ ಬಗ್ಗೆ ಇನ್ನೊಬ್ಬರಿಗೆ ಗೊತ್ತಿರುವುದು ಕಥೆಗೆ ಬರುತ್ತದೆ. ಆಮೇಲೆ ನಡುವಿನ ಯಾವುದಾದರೂ ಎರಡು ಪುಟ ತೆಗೆದು ನೋಡುತ್ತೇನೆ. ಅಲ್ಲಿ ಅವರು ಪ್ರೀತಿಯ ಮಾತು ಬಿಟ್ಟು ಬೇರೇನಾದರೂ ಕೆಲಸ ಮಾಡುತ್ತಿರಬೇಕು. ಈ ಪುಸ್ತಕದಲ್ಲಿ ಅಕ್ಕನ ಬೆರಳಿಗೆ ಮರದ ಅಂಟು ಹತ್ತಿರುತ್ತದೆ, ಸೋಪಿಗೆ ಹೋಗುವುದಿಲ್ಲ ಅಂತ ಎಣ್ಣೆ ಹಚ್ಚಿ ತಿಕ್ಕುತ್ತಾಳೆ. ಮರವನ್ನು ಬಲೆಯಲ್ಲಿ ಸುತ್ತಿ ಗಿರಾಕಿಯ ಕಾರಿನ ಮೇಲೆ ಹಗ್ಗ ಬಿಗಿಯುತ್ತಾಳೆ. ಪ್ರೇಮ ಬರುವುದು ಆ ಕೆಲಸದ ನಡುವೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಸಾಲ ತೀರಿದ ರೀತಿಗೂ ಖಾಲಿ ಚರ್ಚಿಗೂ ಸೇರಿಸಿ. ಕೊನೇ ಅಧ್ಯಾಯ ಮುಂದಿನ ವರ್ಷದ ಡಿಸೆಂಬರ್‌ಗೆ ಹೋಗುತ್ತದೆ. ಅಲ್ಲಿ ಕಿರಿಯವಳದು ಮದುವೆ, ತಮ್ಮನ ಕೈಯಲ್ಲಿ ಉಂಗುರ. ಅಕ್ಕನಿಗೆ ಮಾತ್ರ ಮದುವೆ ಮಾಡಿಸಿಲ್ಲ. ಮೊದಲ ಸಲ ತೋಟ ತಂಗಿಯ ಕೈಗೆ ಬಿಟ್ಟು, ಆ ಲಾರಿಯವನ ಜೊತೆ ಸಮುದ್ರ ನೋಡಲು ಹೊರಟಿದ್ದಾಳೆ. ಹೊರಡುವ ಮೊದಲು ಯಾವ ಸಾಲಿನ ಮರ ಕಡಿಯಬಾರದು ಅಂತ ಎರಡು ಪುಟ ಬರೆದಿಟ್ಟಿದ್ದಾಳೆ. ತಂಗಿ ಅದನ್ನು ಓದಿ ನಗುತ್ತಾ, ನನಗೆ ಗೊತ್ತು, ನೀನು ಹೋಗು ಅನ್ನುತ್ತಾಳೆ. ಈ ಕೊನೆ ನನಗೆ ಒಪ್ಪಿಗೆ. ಪುಸ್ತಕ ಸದ್ಯ ಸೇಡಂನಲ್ಲಿ ನನ್ನ ತಂಗಿಯ ಹತ್ತಿರ ಇದೆ, ಆಮೇಲೆ ಪುಣೆಯ ವೈನಿಗೆ ಹೋಗಬೇಕು. ಬೀದರಿನಲ್ಲಿ ಯಾರಿಗಾದರೂ ಬೇಕಿದ್ದರೆ ಅದಾದ ಮೇಲೆ ಕೊಡುತ್ತೇನೆ.